ಲಂಡನ್ನಿನಲ್ಲಿ ವಿಜಯಪುರ

ದೇಶ ಸುತ್ತಬೇಕು, ಕೋಶ ಓದಬೇಕು ಎಂಬ ಗಾದೆಯನ್ನು ಅರಿಯದ ಕನ್ನಡಿಗನಿಲ್ಲ. ಆದರೆ ಈ ಗಾದೆಯಲ್ಲಿ ಹೇಳಿದವು ಎರಡು ಬೇರೆ ಬೇರೆ ಕೆಲಸಗಳೆಂದು ತಿಳಿಯತಕ್ಕದ್ದಲ್ಲ. ಕೋಶವನ್ನು ಮುಟ್ಟದೆ ದೇಶವನ್ನು ಸುತ್ತಿದವನು ಗಾಣದ ಎತ್ತಿನಂತೆ ಬಹು ದೂರ ನಡೆದಿರುತ್ತಾನೆ. ಕಂಡದ್ದು ಮಾತ್ರ ಅತ್ಯಲ್ಪವಾಗಿರುತ್ತದೆ. ತಿಂಗಳುಗಟ್ಟಲೆ ಒಂದು ಊರಿನಲ್ಲಿ ನಿಲ್ಲುವವನಿಗೆ ತಪ್ಪನ್ನು ತಿದ್ದಿಕೊಳ್ಳಲು ಅವಕಾಶವುಂಟು. ಮೂರು ನಾಲ್ಕು ದಿನಗಳ ಮಟ್ಟಿಗೆ ಹೋಗುವವನಿಗೆ ಅದಿಲ್ಲ. ಆದಕಾರಣ ಪ್ರವಾಸವು ಎಷ್ಟು ಕಿರಿದೋ ಸಿದ್ಧತೆಯು ಅಷ್ಟು ಹಿರಿದಾಗಿರಬೇಕು.

ನೂರು ವರ್ಷಗಳ ಹಿಂದೆ ವಿಲಾಯತಿಗೆ ಹೋಗುವುದೆಂದರೆ ಮುಂಬಯಿಯಲ್ಲಿ ಹಡಗು ಹತ್ತಿ ವಾರಗಟ್ಟಲೆ ಸಮುದ್ರದ ಮೇಲೆ ಕಳೆಯುವ ಮಾತಾಗಿತ್ತು. ಈಗ ಬೆಂಗಳೂರಿನಿಂದ ವಿಮಾನವನ್ನೇರಿದವರು ಹತ್ತು ಹನ್ನೊಂದು ತಾಸುಗಳಲ್ಲಿ ಲಂಡನ್ ನಗರದಲ್ಲಿ ಇಳಿಯುತ್ತಾರೆ. ವಿಜಯಪುರ ನಗರದಿಂದ ಮಾತ್ರವಲ್ಲ, ತಿಕೋಟಾ, ಬಬಲೇಶ್ವರಗಳಂಥ ಊರುಗಳ ಮನೆಗಳಿಂದಲೂ ಮಕ್ಕಳು ವಿದ್ಯೆಗಾಗಿ, ಉದ್ಯೋಗಕ್ಕಾಗಿ ಪರದೇಶಕ್ಕೆ ಹೋಗುವ ಕಾಲವಿದು. ಅವರನ್ನು ಕಾಣಲು ಹೊರಟ ತಾಯಿತಂದೆಗಳಿಗೆ ಆ ರಾಜಧಾನಿಯಲ್ಲಿ ನಾಲ್ಕು ದಿನಗಳ ಬಿಡುವು ದೊರೆಯುತ್ತದೆನ್ನೋಣ. ಆಗ ಸಾಮಾನ್ಯವಾಗಿ ನಡೆಯುವುದೇನು? ಇಪ್ಪತ್ತು ಸ್ಥಳಗಳ ಪಟ್ಟಿಯೊಂದು ಸಿದ್ಧವಾಗುತ್ತದೆ; ಒಂದರಿಂದ ಇನ್ನೊಂದಕ್ಕೆ ಓಟವಾಗುತ್ತದೆ; ಅರಮನೆಯ ಬಾಗಿಲು, ಗಡಿಯಾರದ ಗೋಪುರ, ನದಿಯ ಸೇತುವೆ ಇವುಗಳ ಮುಂದೆ ನಿಂತು ಛಾಯಾಚಿತ್ರಗಳಾಗುತ್ತವೆ. ಊರಿಗೆ ಮರಳಿದ ಮೇಲೆ ಕೇಳಿದರೆ, ಎಲ್ಲವೂ ಚೆನ್ನಾಗಿತ್ತು ಎಂಬ ಒಂದೇ ಮಾತು ಉಳಿದಿರುತ್ತದೆ.

ಈ ಅಲ್ಪಾವಧಿಯ ದರ್ಶನವು ಸಾರ್ಥಕವಾಗಬೇಕಾದರೆ ಹೊರಡುವವನು ಮನೆಯಿಂದ ಒಂದು ಪ್ರಶ್ನೆಯನ್ನು ಕೊಂಡೊಯ್ಯಬೇಕು. ವಿಜಯಪುರದ ಸೀಮೆಯವರಿಗೆ ಅಂಥ ಪ್ರಶ್ನೆಯನ್ನು ಹುಡುಕಿಕೊಂಡು ಹೋಗುವ ಕಾರಣವಿಲ್ಲ. ಅದು ಅವರ ಊರಿನ ಇತಿಹಾಸದಲ್ಲಿಯೇ ಇದೆ. ವಿಜಯಪುರದ ಯಾವ ಯಾವ ವಸ್ತುಗಳು ಲಂಡನ್ನಿಗೆ ಹೋದವು, ಹೇಗೆ ಹೋದವು, ಯಾವುವು ಹೋಗದೆ ಉಳಿದವು ಎಂಬುದೇ ಆ ಪ್ರಶ್ನೆ.

ರಾಜಧಾನಿಯೆಂದರೆ ಅರಸನು ವಾಸಿಸುವ ಊರು ಮಾತ್ರವಲ್ಲ. ಪರನಾಡುಗಳ ವಸ್ತುಗಳೂ ಜನರೂ ಬಂದು ಕೂಡುವ ಠಾವು. ವಿಜಯಪುರವೂ ಆದಿಲಶಾಹಿ ಅರಸರ ಕಾಲದಲ್ಲಿ, ಎಂದರೆ ಹದಿನೈದನೆಯ ಶತಮಾನದ ಕೊನೆಯಿಂದ 1686ರ ವರೆಗೆ, ಅಂಥ ಠಾವಾಗಿತ್ತು. ಇರಾಣದ ಕವಿಗಳು ಇಲ್ಲಿಗೆ ಬಂದರು. ಹಾಲಂಡದ ಹಾರ್ಲೆಮ್ ಊರಿನ ಚಿತ್ರಕಾರನಾದ ಕಾರ್ನೆಲಿಸ್ ಹೆಡಾ ಎಂಬವನು ಎರಡನೆಯ ಇಬ್ರಾಹಿಮನ ಆಸ್ಥಾನದಲ್ಲಿದ್ದು ಇಲ್ಲಿಯೇ ಮಡಿದನು. ಪಶ್ಚಿಮ ಕೋಟೆಯ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ ತೋಪು ಇಲ್ಲಿ ಎರಕವಾದುದಲ್ಲ. 1549ರಲ್ಲಿ ಅಹಮದನಗರದಲ್ಲಿ ಎರಕಗೊಂಡು 1632ರಲ್ಲಿ ಯುದ್ಧದ ಗಳಿಕೆಯಾಗಿ ಇಲ್ಲಿಗೆ ಬಂದುದು. 1619ರಲ್ಲಿ ಬೀದರವು ಇಬ್ರಾಹಿಮನ ವಶವಾದಾಗ ಅಲ್ಲಿಯ ಅರಮನೆಯ ಗ್ರಂಥಗಳೂ ಕೆಲವು ವಿಜಯಪುರದ ಭಂಡಾರವನ್ನು ಸೇರಿದವು. ಪರರಿಂದ ಕೂಡಿಸಿಕೊಂಡ ರಾಜಧಾನಿಯು ತಾನು ಬಿದ್ದ ಮೇಲೆ ಪರರಿಗೆ ಕೊಡಬೇಕಾಗಿ ಬಂದಿತು. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಹೋದವನು ಲಂಡನ್ನಿನಲ್ಲಿ ಬರಿಯ ಬೆರಗನ್ನಾಗಲಿ ಬರಿಯ ರೋಷವನ್ನಾಗಲಿ ತಾಳದೆ ಸಮಚಿತ್ತದಿಂದ ನೋಡಬಲ್ಲನು.

ಆದುದರಿಂದ ಪ್ರವಾಸದ ಮೊದಲ ಎರಡು ದಿನಗಳು ವಿಜಯಪುರದಲ್ಲಿಯೇ ಕಳೆಯತಕ್ಕವು. ತಿಕೋಟಾದಿಂದ ಬರುವವರಿಗೆ ದಾರಿಯಲ್ಲಿಯೇ ತೊರವಿ ಸಿಗುತ್ತದೆ. ಕುಮಾರ ವಾಲ್ಮೀಕಿಯ ರಾಮಾಯಣಕ್ಕೆ ಹೆಸರು ಕೊಟ್ಟ ನರಸಿಂಹನ ಕ್ಷೇತ್ರವದು. ಆದಿಲಶಾಹಿ ಕಾಲದಲ್ಲಿ ನೆಲದೊಳಗಿನ ಸುರಂಗದ ಮೂಲಕ ರಾಜಧಾನಿಗೆ ನೀರು ಹರಿದುಬಂದುದೂ ಆ ಕಡೆಯಿಂದಲೇ. ಬಬಲೇಶ್ವರದವರು ನೈರುತ್ಯದ ಹಾದಿಯಿಂದ ನಗರವನ್ನು ಸೇರುತ್ತಾರೆ. ಪಶ್ಚಿಮದ ಬುರುಜಿನ ತೋಪಿನಿಂದ ಆರಂಭಿಸಿ, ನಡುಕೋಟೆಯ ಮಗ್ಗುಲಿನ ಆಸಾರ ಮಹಲನ್ನು ಕಂಡು, ಪೂರ್ವದ ಗೋಳಗುಮ್ಮಟದಲ್ಲಿ ಮುಗಿಸಿದರೆ ಊರಿನ ಉದ್ದವೆಲ್ಲ ಕಾಲಡಿಯಲ್ಲಿ ಆದಂತಾಯಿತು. ಗುಮ್ಮಟದ ಮುಂದಿನ ನಗಾರಖಾನೆಯಲ್ಲಿ 1892ರಲ್ಲಿ ಸ್ಥಾಪಿತವಾದ ವಸ್ತುಸಂಗ್ರಹಾಲಯವನ್ನು ಬಿಡಬಾರದು. ಲಂಡನ್ನಿನ ಗುಮ್ಮಟವನ್ನು ಅಳೆಯುವ ಗಜಕೋಲು ಇಲ್ಲಿಯೇ ಇರುತ್ತದೆ. ಅದನ್ನು ಕೈಯಲ್ಲಿ ಹಿಡಿಯದೆ ಹೊರಡುವುದು ತಕ್ಕಡಿಯಿಲ್ಲದೆ ಸಂತೆಗೆ ಹೋದಂತೆ.

ತೋಪಿನ ಮುಂದೆ ನಿಂತಾಗ ಒಂದು ವೃತ್ತಾಂತವನ್ನು ನೆನೆಯಬೇಕು. 1823ರಲ್ಲಿ ಮುಂಬಯಿ ಸರಕಾರದವರಿಗೆ ಈ ತೋಪನ್ನು ಇಂಗ್ಲಂಡದ ದೊರೆಗೆ ಕಾಣಿಕೆಯಾಗಿ ಕಳಿಸಬೇಕೆಂಬ ಆಶೆಯುಂಟಾಯಿತು. ಅದನ್ನು ಪರೀಕ್ಷಿಸಲು ಒಬ್ಬ ಇಂಜಿನಿಯರನನ್ನೂ ಕಳಿಸಿದರು. ಆದರೆ ಆಗಿನ ರಸ್ತೆಗಳ ಸ್ಥಿತಿಯಲ್ಲಿ ಅಷ್ಟು ಭಾರವನ್ನು ಸಾಗಿಸುವುದು ಅಸಾಧ್ಯವೆಂದು ತಿಳಿದುಬಂದು ಆ ವಿಚಾರವು ಅಲ್ಲಿಗೇ ನಿಂತಿತು. ಮುಂದೆ 1854ರಲ್ಲಿ ನಿರುಪಯೋಗಿ ಸಾಮಾನುಗಳನ್ನೆಲ್ಲ ಮಾರಿಬಿಡಬೇಕೆಂದು ಸಾತಾರೆಯ ಕಮಿಶನರರಿಂದ ಅಪ್ಪಣೆ ಬಂದಾಗ ಈ ತೋಪು ಲಿಲಾವಿಗೆ ಬಿದ್ದಿತು. ಹೆಚ್ಚೆಂದರೆ 150 ರೂಪಾಯಿಗಳ ಸವಾಲಾಯಿತು! ಜನರಿಗೆ ಅದರ ಮೇಲಿದ್ದ ಭಕ್ತಿಯನ್ನರಿತ ಸ್ಥಳೀಯ ಅಧಿಕಾರಿಯು ಮೇಲಿನವರಿಗೆ ಬರೆದುದರಿಂದ ಮಾರಾಟವು ರದ್ದಾಯಿತು. ಹೀಗೆ ಒಮ್ಮೆ ಕೆಟ್ಟ ರಸ್ತೆಯೂ ಇನ್ನೊಮ್ಮೆ ಒಬ್ಬನ ವಿವೇಕವೂ ವಿಜಯಪುರದ ತೋಪನ್ನು ವಿಜಯಪುರದಲ್ಲಿ ಉಳಿಸಿದವು. ಆದರೆ ಹಗುರವಾಗಿ ಪೆಟ್ಟಿಗೆಯಲ್ಲಿ ಹಿಡಿಯುವಂಥವು ಉಳಿಯಲಿಲ್ಲ. ಅದರ ಕಥೆಯು ಮುಂದೆ ಬರುವುದು.

ಇನ್ನು ಕಾಲದ ವಿಚಾರ. ತಿಕೋಟಾ, ಬಬಲೇಶ್ವರಗಳ ಕಡೆಯ ದ್ರಾಕ್ಷಿಯ ಒಕ್ಕಲಿಗರಿಗೆ ಕೊಯಿಲು ಮುಗಿದು ಒಣದ್ರಾಕ್ಷಿಯು ಶೇಖರಣೆಗೆ ಸೇರುವ ವರೆಗೆ ಬಿಡುವಿಲ್ಲ. ಆ ಬಳಿಕ ಬರುವ ಮೇ, ಜೂನ್ ತಿಂಗಳುಗಳೇ ಲಂಡನ್ನಿಗೂ ಒಳ್ಳೆಯವು. ಜೂನ್ ತಿಂಗಳಲ್ಲಿ ಅಲ್ಲಿ ಹಗಲು 16 ತಾಸುಗಳನ್ನು ಮೀರುತ್ತದೆ. ಡಿಸೆಂಬರದಲ್ಲಿಯೋ 8 ತಾಸುಗಳಿಗೆ ಇಳಿಯುತ್ತದೆ. ನಾಲ್ಕು ದಿನಗಳ ಪ್ರವಾಸಿಗೆ ಇದು ಎರಡು ದಿನಗಳ ಲಾಭವಿದ್ದಂತೆ. ವೀಸಾ ಪಡೆಯುವುದಕ್ಕೆ ವಾರಗಟ್ಟಲೆ ಹಿಡಿಯುವುದರಿಂದ ಚಳಿಗಾಲದಲ್ಲಿಯೇ ಯೋಚನೆಯನ್ನು ಆರಂಭಿಸಬೇಕು. ಬೇಸಿಗೆಯಲ್ಲಿ ಅಲ್ಲಿಯ ಗಡಿಯಾರವು ಇಲ್ಲಿಯದಕ್ಕಿಂತ ನಾಲ್ಕೂವರೆ ತಾಸು ಹಿಂದಿರುತ್ತದೆ. ಆದುದರಿಂದ ಮೊದಲನೆಯ ಸಂಜೆ ದೇಹವು ನಿದ್ರೆಯನ್ನು ಬಯಸುವುದು ಸಹಜ. ಆ ದಿನ ಬಹಳ ತಿರುಗಾಟವನ್ನು ಇಟ್ಟುಕೊಳ್ಳಬಾರದು.

ಮೊದಲನೆಯ ದಿನಕ್ಕೆ ಥೇಮ್ಸ್ ನದಿಯ ದಂಡೆಯ ನಡಿಗೆಯಷ್ಟು ಸಾಕು. ಲ್ಯಾಂಬೆತ್ ಭಾಗದಲ್ಲಿ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಎಂಬ ದಂಡೆಯ ಮೇಲೆ ಬಸವೇಶ್ವರರ ಪ್ರತಿಮೆಯಿದೆ. ಲ್ಯಾಂಬೆತ್ತಿನ ಮಾಜಿ ಮೇಯರರಾದ ಡಾ. ನೀರಜ ಪಾಟೀಲರ ಪ್ರಯತ್ನದಿಂದ ಅದು ಅಲ್ಲಿ ನಿಂತಿತು. 2015ನೆಯ ನವೆಂಬರ 14ರಂದು ಭಾರತದ ಪ್ರಧಾನಮಂತ್ರಿ ನರೇಂದ್ರ ಮೋದಿಯವರು ಅದನ್ನು ಅನಾವರಣಗೊಳಿಸಿದರು. ಬಾಗೇವಾಡಿಯು ವಿಜಯಪುರ ಜಿಲ್ಲೆಯದಷ್ಟೆ. ಆ ನೆಲದ ಮಹಾಪುರುಷನನ್ನು ಪರದೇಶದ ನದಿಯ ತಡಿಯಲ್ಲಿ ಕಂಡಾಗ ಆಗುವ ಹರ್ಷವನ್ನು ಬಣ್ಣಿಸಬೇಕಾಗಿಲ್ಲ. ಆದರೆ ಈ ಪ್ರತಿಮೆಯು ನಾಲ್ಕು ದಿನಗಳ ಉಳಿದ ವಸ್ತುಗಳಿಗಿಂತ ಒಂದು ಬಗೆಯಲ್ಲಿ ಬೇರೆ: ಇದು ಇಲ್ಲಿಂದ ಯಾರೂ ಒಯ್ದುದಲ್ಲ, ಕನ್ನಡಿಗರು ತಾವೇ ಅಲ್ಲಿ ಸ್ಥಾಪಿಸಿದ್ದು. ಈ ಭೇದವನ್ನು ನೆನಪಿಡುವುದು ಅವಶ್ಯ.

ಎರಡನೆಯ ದಿನ ಸೇಂಟ್ ಪಾಲ್ ಮಹಾದೇವಾಲಯಕ್ಕೆ ಮೀಸಲು. ರವಿವಾರ ಅಲ್ಲಿ ಪ್ರಾರ್ಥನೆಯ ಹೊರತು ಪ್ರೇಕ್ಷಕರಿಗೆ ಪ್ರವೇಶವಿಲ್ಲವಾದುದರಿಂದ ಆ ವಾರವನ್ನು ಬಿಟ್ಟು ಗೊತ್ತುಮಾಡಿಕೊಳ್ಳಬೇಕು. ಎರಡು ಗುಮ್ಮಟಗಳ ವಯಸ್ಸನ್ನು ಮೊದಲು ಹೋಲಿಸಿ ನೋಡೋಣ. ಮುಹಮ್ಮದ ಆದಿಲಶಾಹನು 1656ರಲ್ಲಿ ತೀರಿಕೊಂಡು ತಾನು ಕಟ್ಟಿಸಿದ ಗೋಳಗುಮ್ಮಟದಲ್ಲಿ ಮಣ್ಣಾದನು. ಹತ್ತು ವರ್ಷಗಳ ಮೇಲೆ, 1666ರಲ್ಲಿ, ಲಂಡನ್ನಿಗೆ ಬಿದ್ದ ಮಹಾಬೆಂಕಿಯಲ್ಲಿ ಅಲ್ಲಿಯ ಹಳೆಯ ಸೇಂಟ್ ಪಾಲ್ ದೇವಾಲಯವು ಸುಟ್ಟಿತು. ಕ್ರಿಸ್ಟೋಫರ್ ರೆನ್ ಎಂಬ ಶಿಲ್ಪಜ್ಞನು 1675ರಲ್ಲಿ ಹೊಸ ದೇವಾಲಯಕ್ಕೆ ಕೈಹಚ್ಚಿದನು. 1686ರಲ್ಲಿ ಔರಂಗಜೇಬನು ವಿಜಯಪುರವನ್ನು ಹಿಡಿದಾಗ ಅದರ ಗೋಡೆಗಳು ಇನ್ನೂ ಏಳುತ್ತಲಿದ್ದವು. 1710ರ ಸುಮಾರಿಗೆ ಅದು ಪೂರ್ತಿಯಾದಾಗ ವಿಜಯಪುರವು ರಾಜಧಾನಿಯಾಗಿ ಉಳಿದಿರಲಿಲ್ಲ. ಒಂದು ರಾಜಧಾನಿಯ ಸಂಜೆಯೂ ಇನ್ನೊಂದರ ಮುಂಜಾವೂ ಹೀಗೆ ಒಂದೇ ಕಾಲಕ್ಕೆ ಆದವು.

ಎತ್ತರದಲ್ಲಿ ಸೇಂಟ್ ಪಾಲ್ ಮಿಗಿಲು; ಶಿಖರದ ಶಿಲುಬೆಯ ವರೆಗೆ ಅದು 365 ಅಡಿ. ಅಗಲದಲ್ಲಿ ಗೋಳಗುಮ್ಮಟ ಮಿಗಿಲು. ಅದರ ಒಳವ್ಯಾಸವು 124 ಅಡಿಗಳಿಗೂ ಹೆಚ್ಚಾದರೆ ಸೇಂಟ್ ಪಾಲಿನ ಒಳಗುಮ್ಮಟವು ಸುಮಾರು 100 ಅಡಿ. ಕಟ್ಟಿದ ಬಗೆಯಲ್ಲಂತೂ ಅಜಗಜಾಂತರವಿದೆ. ರೆನ್ನನದು ಒಂದರ ಮೇಲೊಂದು ಮೂರು ಪದರು: ಒಳಗೆ ಇಟ್ಟಿಗೆಯ ಗುಮ್ಮಟ, ನಡುವೆ ಶಿಖರದ ಭಾರವನ್ನು ಹೊರುವ ಇಟ್ಟಿಗೆಯ ಶಂಕು, ಹೊರಗೆ ಕಟ್ಟಿಗೆಯ ಹಂದರಕ್ಕೆ ಸೀಸವನ್ನು ಹೊದಿಸಿದ ಹೊರಗುಮ್ಮಟ. ದಾರಿಹೋಕನು ಕಾಣುವುದು ಭಾರವನ್ನು ಹೊತ್ತುದನ್ನಲ್ಲ, ಹೊದ್ದುದನ್ನು. ಗೋಳಗುಮ್ಮಟವಾದರೋ ಇಟ್ಟಿಗೆ ಗಾರೆಗಳ ಒಂದೇ ದಪ್ಪ ಚಿಪ್ಪು. ಒಂದನ್ನೊಂದು ಕತ್ತರಿಸುವ ಕಮಾನುಗಳು ಚೌಕವಾದ ಕೋಣೆಯನ್ನು ಮೆಲ್ಲಮೆಲ್ಲನೆ ದುಂಡಾಗಿಸಿ ಆ ಚಿಪ್ಪನ್ನು ಎತ್ತಿಹಿಡಿದಿವೆ. ಒಳಗೆ ಕಾಣುವುದೂ ಹೊರಗೆ ಕಾಣುವುದೂ ಒಂದೇ.

ಎರಡೂ ಕಡೆ ಪಿಸುಮಾತಿನ ಮೊಗಸಾಲೆಯುಂಟು. ಗೋಡೆಗೆ ಬಾಯಿಟ್ಟು ಮೆಲ್ಲಗೆ ನುಡಿದ ಮಾತು ಎದುರುಗಡೆಯವರ ಕಿವಿಗೆ ಬೀಳುವ ವಿಚಿತ್ರವನ್ನು ವಿಜಯಪುರದ ಮಕ್ಕಳು ಬಲ್ಲರು. ಧ್ವನಿಯು ಬಾಗಿದ ಗೋಡೆಗೆ ಅಂಟಿಕೊಂಡಂತೆ ಹರಿದುಹೋಗುತ್ತದೆಂಬ ಕಾರಣವನ್ನು ಇಂಗ್ಲಂಡದ ಲಾರ್ಡ್ ರೇಲೀ ಎಂಬ ವಿಜ್ಞಾನಿಯು ಸೇಂಟ್ ಪಾಲ್ ದೇವಾಲಯದ ನಿದರ್ಶನದಿಂದಲೇ ತೋರಿಸಿಕೊಟ್ಟನು. ಈ ವಿಷಯದಲ್ಲಿ ಅಲ್ಪಾವಧಿಯ ಪ್ರವಾಸಿಗಳಿಗೆಲ್ಲ ಮೇಲ್ಪಂಕ್ತಿಯಾದ ಒಬ್ಬ ಭಾರತೀಯರಿದ್ದಾರೆ. 1921ರಲ್ಲಿ ಕಲಕತ್ತೆಯ ವಿಶ್ವವಿದ್ಯಾಲಯದ ಪ್ರತಿನಿಧಿಯಾಗಿ ಮೊದಲ ಬಾರಿಗೆ ಇಂಗ್ಲಂಡಕ್ಕೆ ಹೋದ ಸಿ. ವಿ. ರಾಮನ್ ಅವರು ತಮಗಿದ್ದ ಕೆಲವೇ ದಿನಗಳಲ್ಲಿ ಬಿಡುವು ಮಾಡಿಕೊಂಡು ಈ ಮೊಗಸಾಲೆಯಲ್ಲಿ ಪ್ರಯೋಗಗಳನ್ನು ನಡೆಸಿದರು; ರೇಲೀಯ ವಿವರಣೆಗೆ ಸೇರಿಸಬೇಕಾದುದು ಇನ್ನೂ ಇದೆಯೆಂದು ಕಂಡುಕೊಂಡರು. ಸ್ವದೇಶಕ್ಕೆ ಮರಳಿದ ಮೇಲೆ ಭಾರತದ ಇಂಥ ಕಟ್ಟಡಗಳ ಕಡೆಗೂ ಅವರ ಲಕ್ಷ್ಯವು ಹರಿಯಿತು. ಅವುಗಳಲ್ಲಿ ಗೋಳಗುಮ್ಮಟವೂ ಒಂದು. ಸಾವಿರಾರು ಜನರು ಕೇಳಿ ನಕ್ಕುಹೋದ ಪಿಸುಮಾತನ್ನು ಒಬ್ಬರು ಪ್ರಶ್ನೆಯನ್ನಿಟ್ಟುಕೊಂಡು ಕೇಳಿದರು. ಮೊಗಸಾಲೆಯು 250ಕ್ಕೂ ಹೆಚ್ಚು ಮೆಟ್ಟಿಲುಗಳ ಮೇಲಿದೆ. ಅದು ಪ್ರೇಕ್ಷಕರಿಗೆ ತೆರೆದಿದೆಯೋ ಇಲ್ಲವೋ ಎಂಬುದನ್ನು ಮುಂದಾಗಿ ವಿಚಾರಿಸಿಕೊಳ್ಳುವುದು ಲೇಸು.

ಮೂರನೆಯ ದಿನವೇ ಈ ಪ್ರವಾಸದ ತಿರುಳು. ಆಸಾರ ಮಹಲು 1646ರ ಸುಮಾರಿಗೆ ಮುಹಮ್ಮದ ಆದಿಲಶಾಹನ ಕಾಲದಲ್ಲಿ ನ್ಯಾಯಸಭೆಯಾಗಿ ಎದ್ದು, ತರುವಾಯ ಪೈಗಂಬರರ ಪವಿತ್ರ ಕೇಶಗಳ ನೆಲೆಯಾದುದು. ಆದಿಲಶಾಹಿ ಅರಸರ ಗ್ರಂಥಭಂಡಾರದಲ್ಲಿ ಅಳಿದುಳಿದುದು ಅಲ್ಲಿಯೇ ಇದ್ದಿತು. ರಾಜ್ಯವು ಹೋದ ಮೇಲೆಯೂ, ಮೊಗಲರು, ನಿಜಾಮರು, ಪೇಶವೆಗಳು, ಸಾತಾರೆಯ ಅರಸರು ಒಬ್ಬರ ತರುವಾಯ ಒಬ್ಬರು ಆಳಿದರೂ, ಈ ಗ್ರಂಥಗಳು ಕೈಬಿಟ್ಟುಹೋಗಿರಲಿಲ್ಲ. 1848ರಲ್ಲಿ ಸಾತಾರೆಯ ಸಂಸ್ಥಾನವು ಇಂಗ್ಲಿಷರಿಗೆ ಸೇರಿತು. ಐದೇ ವರ್ಷಗಳಲ್ಲಿ, 1853ರಲ್ಲಿ, ನಾನೂರಕ್ಕೂ ಹೆಚ್ಚು ಕೈಬರಹದ ಗ್ರಂಥಗಳು ವಿಜಯಪುರವನ್ನು ಬಿಟ್ಟು ಲಂಡನ್ನಿನಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿಯ ಪುಸ್ತಕಾಲಯವನ್ನು ಮುಟ್ಟಿದವು. ಆ ಪುಸ್ತಕಾಲಯವೇ ಇಂಡಿಯಾ ಆಫೀಸಿನದಾಗಿ, 1982ರಲ್ಲಿ ಬ್ರಿಟಿಷ್ ಲೈಬ್ರರಿಯಲ್ಲಿ ಕೂಡಿಕೊಂಡಿತು. ಆ ಲೈಬ್ರರಿಯ ಈಗಿನ ಕಟ್ಟಡವು ಸೇಂಟ್ ಪ್ಯಾಂಕ್ರಸ್ ರೈಲು ನಿಲ್ದಾಣದ ಮಗ್ಗುಲಿಗಿದೆ.

ಈ ಗ್ರಂಥಗಳಲ್ಲಿ ಹೆಚ್ಚಿನವು ಅರಬ್ಬೀ ಭಾಷೆಯವು; ಧರ್ಮ, ವ್ಯಾಕರಣ, ತರ್ಕ, ತತ್ತ್ವಜ್ಞಾನಗಳಿಗೆ ಸಂಬಂಧಿಸಿದವು. ಇವು ವಿಜಯಪುರದವರಿಗೆ ಏಕೆ ಬೇಕೆಂದು ಯಾರಾದರೂ ಕೇಳಬಹುದು. ಇವುಗಳ ಬೆಲೆಯು ಒಳಗಿನ ಶಾಸ್ತ್ರದಲ್ಲಿ ಮಾತ್ರವಲ್ಲ, ಮೊದಲ ಕೊನೆಯ ಹಾಳೆಗಳ ಮೇಲಿನ ಮುದ್ರೆಗಳಲ್ಲಿಯೂ ಸಣ್ಣ ಟಿಪ್ಪಣಿಗಳಲ್ಲಿಯೂ ಇದೆ. ಯಾವ ಅರಸನ ಭಂಡಾರದ್ದು, ಯಾವಾಗ ಬಂದಿತು, ಎಲ್ಲಿಂದ ಬಂದಿತು ಎಂಬುದನ್ನು ಭಂಡಾರದವರು ಅಲ್ಲಲ್ಲಿ ಬರೆದಿಟ್ಟಿದ್ದಾರೆ. ಬೀದರದಿಂದ ಬಂದ ಗ್ರಂಥಗಳ ಸಂಗತಿಯು ತಿಳಿದುದು ಇಂಥ ಬರಹಗಳಿಂದಲೇ. ಕಲ್ಲಿನ ಶಾಸನಗಳು ಅರಸನು ಜನಕ್ಕೆ ತೋರಬಯಸಿದುದನ್ನು ಹೇಳುತ್ತವೆ. ಭಂಡಾರದ ಈ ಟಿಪ್ಪಣಿಗಳು ಮನೆಯೊಳಗಿನ ಲೆಕ್ಕದಂತೆ ನಿಜವನ್ನು ನುಡಿಯುತ್ತವೆ. ಆಸಾರ ಮಹಲಿನಲ್ಲಿಯೇ ಇದ್ದಿದ್ದರೆ ಅವು ಹುಳುವಿನ ಪಾಲಾಗುತ್ತಿದ್ದವೆಂಬ ವಾದವುಂಟು. ಅದು ತೀರ ಸುಳ್ಳೆನ್ನುವಂತಿಲ್ಲ. ಆದರೆ 165 ವರ್ಷಗಳಿಗೂ ಹೆಚ್ಚು ಕಾಲ ಅನ್ನವಸ್ತ್ರ ಕೊಡುವವರಿಲ್ಲದೆಯೂ ಅವನ್ನು ಉಳಿಸಿಕೊಂಡು ಬಂದವರು ಆ ಊರಿನವರೇ ಎಂಬುದನ್ನೂ ಮರೆಯಲಾಗದು.

ಕೈಬರಹಗಳನ್ನು ಅಲ್ಲಿ ಬಾಗಿಲಲ್ಲಿ ನಿಂತು ಕೇಳಿದರೆ ತೋರಿಸುವುದಿಲ್ಲ. ಓದುಗರ ಪರವಾನಗಿಯನ್ನು ಪಡೆಯಬೇಕು. ಯಾವ ಗ್ರಂಥ ಬೇಕೆಂಬುದನ್ನು ಅದರ ಸಂಖ್ಯೆಯೊಡನೆ ಮುಂದಾಗಿ ಬರೆದು ತಿಳಿಸಬೇಕು. ಅರಬ್ಬೀ ಗ್ರಂಥಗಳ ಯಾದಿಯನ್ನು ಓಟೊ ಲೋತ್ ಎಂಬ ವಿದ್ವಾಂಸನು 1877ರಲ್ಲಿಯೇ ಪ್ರಕಟಿಸಿರುವುದರಿಂದ ಹುಡುಕುವುದು ಕಠಿಣವಲ್ಲ. ಇದೇ ಲೈಬ್ರರಿಯಲ್ಲಿ ಆಸಾರ ಮಹಲಿನದಲ್ಲದ ಇನ್ನೊಂದು ರತ್ನವಿದೆ: 'ಪೇಮ್ ನೇಮ್' ಎಂಬ ದಖನೀ ಭಾಷೆಯ ಪ್ರೇಮಕಾವ್ಯ. ಎರಡನೆಯ ಇಬ್ರಾಹಿಮನ ಕಾಲದಲ್ಲಿ, 1590ರ ಸುಮಾರಿಗೆ, ಹಸನ್ ಮಂಝೂ ಎಂಬ ಕವಿಯು ರಚಿಸಿದ ಈ ಕಾವ್ಯದ ಪ್ರತಿಯಲ್ಲಿ 34 ಚಿತ್ರಗಳಿವೆ. ನಾಯಕನ ಎದೆಯ ಮೇಲೆಯೇ ನಾಯಿಕೆಯ ಮುಖವನ್ನು ಬರೆದು ತೋರಿಸಿದ ಚಿತ್ರಕಾರನ ಕಲ್ಪನೆಯು ಅಪೂರ್ವವಾದುದು. 1855ರಲ್ಲಿ ಕರ್ನಲ್ ಬಿಗ್ಸ್ ಎಂಬವನು ಹಿಡಿದ ವಿಜಯಪುರದ ಛಾಯಾಚಿತ್ರಗಳೂ ಇಲ್ಲಿವೆ. ಊರಿನ ಕಟ್ಟಡಗಳು ದುರಸ್ತಿಯಾಗುವುದಕ್ಕೆ ಮುಂಚೆ ಹೇಗಿದ್ದವೆಂಬುದಕ್ಕೆ ಅವಕ್ಕಿಂತ ಮೇಲಾದ ಸಾಕ್ಷಿಯಿಲ್ಲ.

ನಾಲ್ಕನೆಯ ದಿನ ಬ್ರಿಟಿಷ್ ಮ್ಯೂಜಿಯಂ. ಲೈಬ್ರರಿಯಿಂದ ಅಲ್ಲಿಗೆ ಅರ್ಧ ತಾಸಿನೊಳಗಿನ ಕಾಲ್ನಡಿಗೆ, ಪ್ರವೇಶಕ್ಕೆ ಹಣವಿಲ್ಲ. ಕೈಯಲ್ಲಿ ತಾಳವಾದ್ಯವನ್ನು ಹಿಡಿದುನಿಂತ ಎರಡನೆಯ ಇಬ್ರಾಹಿಮನ ಚಿತ್ರವೊಂದು ಇಲ್ಲಿಯ ಸಂಗ್ರಹದಲ್ಲಿದೆ. ದಖನಿಯಲ್ಲಿ 'ಕಿತಾಬ್-ಎ-ನವರಸ'ವನ್ನು ಬರೆದು ಸರಸ್ವತಿಯನ್ನೂ ಗಣಪತಿಯನ್ನೂ ಸ್ತುತಿಸಿದ ಆ ಗಾನಪ್ರಿಯ ದೊರೆಯನ್ನು ಖಡ್ಗವಿಲ್ಲದೆ ತಾಳದೊಡನೆ ಚಿತ್ರಿಸಿದುದು ಉಚಿತವೇ ಆಗಿದೆ. ಇಂಥ ಚಿತ್ರಗಳು ಬೆಳಕಿಗೆ ಬಣ್ಣಗೆಡುವುದರಿಂದ ಅವನ್ನು ನಿತ್ಯವೂ ಗೋಡೆಗೆ ಹಾಕಿರುವುದಿಲ್ಲ. ಇಲ್ಲಿಯೂ ಮುಂದಾಗಿ ಬರೆದು ಕೇಳಿಕೊಳ್ಳುವುದು ಅವಶ್ಯ. ಅಪರಾಹ್ನವನ್ನು ಮಕ್ಕಳ ಇಷ್ಟಕ್ಕೆ ಬಿಡಬಹುದು. ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮ್ಯೂಜಿಯಮ್ಮಿನಲ್ಲಿರುವ ಟಿಪ್ಪು ಸುಲ್ತಾನನ ಯಂತ್ರದ ಹುಲಿಯು, 1799ರಲ್ಲಿ ಶ್ರೀರಂಗಪಟ್ಟಣದಿಂದ ಹೋದುದು, ಚಿಕ್ಕವರಿಗೂ ದೊಡ್ಡವರಿಗೂ ಒಂದೇ ಸಮನೆ ರುಚಿಸುತ್ತದೆ.

ಇಷ್ಟನ್ನು ಕಂಡವನ ಮನಸ್ಸಿನಲ್ಲಿ ಒಂದು ವಿಚಾರವು ಏಳದಿರದು. ಅರಸರ ಗ್ರಂಥಗಳು ಒಂದೇ ಮಹಲಿನಲ್ಲಿದ್ದವು. ಒಂದು ಅಪ್ಪಣೆಗೆ ಒಟ್ಟಾಗಿ ಹೊರಟುಹೋದವು. ಶರಣರ ವಚನಗಳ ಗತಿಯೇನಾಯಿತು? ಅವು ತಾಡಓಲೆಗಳಾಗಿ ಈ ಸೀಮೆಯ ಮಠಗಳಲ್ಲಿಯೂ ಒಕ್ಕಲಿಗರ ದೇವರ ಜಗಲಿಗಳ ಮೇಲೆಯೂ ಚೆದರಿಹೋಗಿದ್ದವು. ಅವನ್ನು ಒಯ್ಯಲು ಯಾರ ಅಪ್ಪಣೆಯೂ ಸಾಲುತ್ತಿರಲಿಲ್ಲ. ಆದರೆ ಹುಳುವಿನ ಭಯವು ಅವಕ್ಕೂ ಇದ್ದೇ ಇತ್ತು. 1904ರಲ್ಲಿ ವಕೀಲರಾಗಿ ವಿಜಯಪುರಕ್ಕೆ ಬಂದ ಫ. ಗು. ಹಳಕಟ್ಟಿಯವರು ಮನೆಮನೆಗೆ ತಿರುಗಿ ಆ ಓಲೆಗಳನ್ನು ಕೂಡಿಸಿದರು. 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಹೊರತಂದರು. ಇದ್ದ ಮನೆಯನ್ನು ಮಾರಿ ಮುದ್ರಣಾಲಯವನ್ನು ಕಟ್ಟಿದರು. 1926ರಿಂದ 'ಶಿವಾನುಭವ' ಪತ್ರಿಕೆಯನ್ನು ನಡೆಸಿದರು. ಅಚ್ಚಾದುದನ್ನು ಇನ್ನು ಯಾರೂ ಒಯ್ಯಲಾರರು, ಹುಳುವೂ ತಿನ್ನಲಾರದು. ಥೇಮ್ಸ್ ದಂಡೆಯ ಮೇಲೆ ಬಸವೇಶ್ವರರ ಪ್ರತಿಮೆಯು ನಿಂತುದಕ್ಕೆ ಮೊದಲ ಕಲ್ಲನ್ನಿಟ್ಟವರು ವಿಜಯಪುರದ ಆ ವಕೀಲರೇ ಎಂದರೆ ಅತಿಶಯೋಕ್ತಿಯಾಗದು.

ಆದಿಲಶಾಹಿ ಭಂಡಾರಕ್ಕೆ ಇನ್ನೂ ಅಂಥ ಹಳಕಟ್ಟಿಯವರು ದೊರೆಯಬೇಕಾಗಿದೆ. ಗ್ರಂಥಗಳು ಮರಳಿ ಬರುವುದು ಬಿಡುವುದು ಎರಡು ಸರಕಾರಗಳ ಮಾತು. ಅದಕ್ಕಾಗಿ ಕಾದು ಕೂಡಬೇಕಾದ ಕಾರಣವಿಲ್ಲ. ಹೋಗುವ ಪ್ರತಿಯೊಂದು ಕುಟುಂಬವೂ ಒಂದೇ ಒಂದು ಗ್ರಂಥವನ್ನು ಆರಿಸಿಕೊಂಡು, ಅದರ ಹೆಸರು, ಸಂಖ್ಯೆ, ಮುದ್ರೆ, ಟಿಪ್ಪಣಿಗಳನ್ನು ಬರೆದುಕೊಂಡು, ಅನುಮತಿ ದೊರೆತರೆ ಹಾಳೆಯ ಪ್ರತಿಚಿತ್ರವನ್ನೂ ತಂದು ಊರಿನ ವಾಚನಾಲಯಕ್ಕೆ ಒಪ್ಪಿಸಲಿ. ಅರಬ್ಬೀ, ಫಾರಸಿಗಳನ್ನು ಬಲ್ಲ ವಿದ್ವಾಂಸರು ವಿಜಯಪುರಕ್ಕೆ ಹೊಸಬರಲ್ಲ. ಅವರಿಂದ ಅದರ ಅರ್ಥವನ್ನು ಕನ್ನಡದಲ್ಲಿ ಬರೆಯಿಸಬಹುದು. ವರ್ಷಕ್ಕೆ ಹತ್ತು ಕುಟುಂಬಗಳು ಹೀಗೆ ಮಾಡಿದರೂ ಒಂದು ತಲೆಮಾರಿನಲ್ಲಿ ಭಂಡಾರದ ಬಹುಭಾಗದ ಕನ್ನಡ ಯಾದಿಯೊಂದು ತಿಕೋಟಾ, ಬಬಲೇಶ್ವರಗಳ ಶಾಲೆಯ ಹುಡುಗರ ಕೈಗೂ ಸಿಗುವಂತಾಗುವುದು. ನಾಲ್ಕು ದಿನಗಳ ಪ್ರವಾಸದಿಂದ ಇಷ್ಟು ಫಲವು ದೊರೆಯುವುದಾದರೆ ಅದಕ್ಕೆ ತಗಲಿದ ವೆಚ್ಚವನ್ನು ಯಾರೂ ಹೆಚ್ಚೆನ್ನಲಾರರು.